ಮಿಂಚಣ್ಣನ ಮೂಗು, ಮರದ ಬಟ್ಟಲು

ಮಾರಿಹೋದ ಸಾಮಾನು ಮತ್ತೆ ಅಂಗಡಿ ಬಾಗಿಲಿಗೆ ಬಂದರೆ ಯಾವ ಕಸುಬುದಾರನಿಗೂ ಅವಮಾನವೇ. ಅದನ್ನು ಸ್ವಂತ ಅಕ್ಕನೇ ಚೀಲದಲ್ಲಿ ತುಂಬಿ ತಂದು ಹೊಸ್ತಿಲ ಮೇಲೆ ದಡಕ್ಕನೆ ಇಳಿಸಿದರಂತೂ ಕೇಳುವುದೇ ಬೇಡ.

"ತಗೊಳ್ಳೋ ತಮ್ಮಾ. ನಿನ್ನ ಬಟ್ಟಲು ನಿನ್ನ ಹತ್ರಾನೇ ಇರಲಿ," ಎಂದಳು ಅಕ್ಕ, ತೋಳಿನಿಂದ ಹಣೆಯ ಬೆವರು ಒರೆಸಿಕೊಳ್ಳುತ್ತಾ.

ಅಕ್ಕ ಬಸ್ ನಿಲ್ದಾಣದ ಎದುರು ಪುಟ್ಟ ಹೋಟೆಲು ನಡೆಸುತ್ತಾಳೆ. ತಮ್ಮ ಮರ ಕಡೆಯುವವನು. ಅವನು ಮಾಡಿದ ಸಾಮಾನು ಕನ್ನಡಿಯಂತೆ ಹೊಳೆಯುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ಮಿಂಚಣ್ಣ ಎಂದೇ ಕರೆಯುತ್ತಿದ್ದರು. ಈಚೆಗೆ ಹೆಂಡತಿಯೂ ಹೊರಗಿನವರ ಎದುರು ಹಾಗೇ ಹೇಳುವುದು ರೂಢಿಯಾಗಿತ್ತು.

ಮಿಂಚಣ್ಣ ಮರ ತಿರುಗಿಸಿ ಕಡೆಯುವ ಲೇತ್ ಯಂತ್ರ ನಿಲ್ಲಿಸಿ, ಮೈಮೇಲಿನ ಮರದ ಹೊಟ್ಟು ಕೊಡವಿಕೊಂಡು ಎದ್ದು ಬಂದ.

"ಏನಾಯ್ತಕ್ಕ? ಬಿರುಕು ಬಿಟ್ವಾ?"

"ಬಿರುಕು ಬಿಟ್ಟಿದ್ರೆ ಒಲೆಗೆ ಹಾಕಿ ಸುಮ್ಮನಾಗ್ತಿದ್ದೆ. ವಾಸನೆ ಕಣೋ! ಬಿಸಿ ಗಂಜಿ ಸುರಿದ್ರೆ ಸಾಕು, ಪೇಂಟ್ ಅಂಗಡಿಯಲ್ಲಿ ಕೂತು ಊಟ ಮಾಡಿದ ಹಾಗಿರುತ್ತೆ. ಅದನ್ನೂ ಹೇಗೋ ಸಹಿಸಿಕೊಂಡೆ. ನಿನ್ನೆ ಒಬ್ಬರು ಹಣ್ಣಿನ ಹೋಳು ತಿಂತಾ ತಿಂತಾ ನಾಲಿಗೆ ಮೇಲಿಂದ ಏನೋ ಎಳೆದು ತೆಗೆದ್ರು. ಈರುಳ್ಳಿ ಪೊರೆ ಇರುತ್ತಲ್ಲ, ಹಾಗೆ. ಅದನ್ನ ನನ್ನ ಮುಖದ ಮುಂದೆ ಹಿಡಿದು, 'ಇದು ಯಾವ ಹಣ್ಣಿನ ಸಿಪ್ಪೆ ಅಮ್ಮಾ?' ಅಂತ ಕೇಳಿದ್ರು. ನಾನು ಏನಂತ ಹೇಳ್ಲಿ? ನನ್ನ ತಮ್ಮನ ಪಾಲಿಶ್ ಹಣ್ಣು ಅಂತ ಹೇಳ್ಲಾ?"

ಮಿಂಚಣ್ಣ ಒಂದು ಬಟ್ಟಲು ಕೈಗೆತ್ತಿಕೊಂಡ. ಹೊರಗಡೆ ಅದು ಇನ್ನೂ ಥಳಥಳ ಹೊಳೆಯುತ್ತಿತ್ತು. ಒಳಗೆ ಮಾತ್ರ ಅಲ್ಲಲ್ಲಿ ಬೆಳ್ಳಗಾಗಿ, ಸುಲಿದ ಚರ್ಮದ ಹಾಗೆ ಅಂಚು ಎದ್ದಿತ್ತು. ನಿಂಬೆಹುಳಿ ಬಿದ್ದ ಜಾಗ ಇರಬೇಕು ಎಂದುಕೊಂಡ. ಬಟ್ಟಲಿನೊಳಗೆ ಮೂಗು ತೂರಿಸಿ ಜೋರಾಗಿ ಉಸಿರೆಳೆದ. ಏನೂ ಇಲ್ಲ. ಇನ್ನೊಮ್ಮೆ ಎಳೆದ.

"ಎಲ್ಲಿದೆಯಕ್ಕ ವಾಸನೆ? ನಿನ್ನ ಗಿರಾಕಿಗಳು ಬಿಲ್ಲು ಕಮ್ಮಿ ಮಾಡಿಸಿಕೊಳ್ಳೋಕೆ ಕಥೆ ಕಟ್ತಾರೆ, ನೀನು ನಂಬ್ತೀಯ."

"ನಾನೇ ಮೂಸಿದ್ದೀನಿ ಕಣೋ!"

"ನಿನಗೆ ಮೊದಲಿಂದಲೂ ಎಲ್ಲದಕ್ಕೂ ವಾಸನೆ."

ಅಕ್ಕ ತಮ್ಮನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಚೀಲವನ್ನು ಅಲ್ಲೇ ಬಿಟ್ಟು ಹೊರಟಳು. ಅಕ್ಕ ಬೈದಿದ್ದರೆ ಮಿಂಚಣ್ಣ ನಾಲ್ಕು ಮಾತಾಡಿ ಹಗುರಾಗುತ್ತಿದ್ದ. ಸುಮ್ಮನೆ ಹೋದದ್ದು ಚುಚ್ಚಿತು.

ಮಿಂಚಣ್ಣ ಮೊದಲು ಕಡೆಯುತ್ತಿದ್ದದ್ದು ಕುರ್ಚಿ ಕಾಲು, ಮಂಚದ ಕಂಬದ ಗುಂಡು, ಮೆಟ್ಟಿಲ ಕಂಬ. ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಆ ಕೆಲಸ ಕುಂಟತೊಡಗಿತು. ಆಗ ಅವನು ಬಟ್ಟಲಿಗೆ ಕೈಹಾಕಿದ. ಕೈಯಲ್ಲಿ ಹದವಿತ್ತು, ಬಟ್ಟಲು ಚೆನ್ನಾಗಿಯೇ ಬಂತು. ಆದರೆ ಕುರ್ಚಿ ಕಾಲಿಗೆ ಬಳಿಯುತ್ತಿದ್ದ ಲ್ಯಾಕರ್ ಪಾಲಿಶನ್ನೇ ಬಟ್ಟಲಿಗೂ ಬಳಿದ. ಅದೇ ಡಬ್ಬ, ಅದನ್ನು ತೆಳುಮಾಡಲು ಅದೇ ಥಿನ್ನರ್. ಬೆಳಗ್ಗೆ ಒಂದು ಕೈ, ಮಧ್ಯಾಹ್ನ ಒಂದು ಕೈ, ಸಂಜೆಗೆ ಇನ್ನೊಂದು ಕೈ ಬಳಿದು ಮರುದಿನ ಮಾರಾಟಕ್ಕೆ ಇಡುತ್ತಿದ್ದ. ಹಸಿ ಪಾಲಿಶಿನ ಮೇಲೆ ದೂಳು ಕೂತರೆ ಹೊಳಪು ಕೆಡುತ್ತದೆಂದು ಮನೆಗೆ ಹೊಂದಿಕೊಂಡ ಕೆಲಸದ ಕೊಟ್ಟಿಗೆಯ ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಬಾಗಿಲ ಸಂದಿಗೂ ಬಟ್ಟೆ ತುರುಕಿ ಕೆಲಸ ಮಾಡುತ್ತಿದ್ದ. ಹೆಂಡತಿ ಒಳಗೆ ಕಾಲಿಟ್ಟರೆ ತಲೆ ಹಿಡಿದುಕೊಂಡು ಆಚೆ ಬರುತ್ತಿದ್ದಳು. ಅವನಿಗೆ ಏನೂ ಆಗುತ್ತಿರಲಿಲ್ಲ. ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. "ನಂದು ಒಗ್ಗಿದ ಮೈ" ಎನ್ನುತ್ತಿದ್ದ.

ಈಗ ಗೋಡೆಯ ಹಲಗೆಯ ಮೇಲೆ ಇನ್ನೊಂದು ಸಾಲು ಬಟ್ಟಲು ಒಣಗುತ್ತಿತ್ತು. ಅಂಗೈಯಗಲದ ಪುಟ್ಟ ಬಟ್ಟಲುಗಳು. ಬೀದಿಯ ಕೊನೆಯ ಶಿಶುವಿಹಾರದ ಟೀಚರ್ ಮಕ್ಕಳ ತಿಂಡಿಗೆಂದು ಹೇಳಿ ಮಾಡಿಸಿದ್ದಂಥವು. ನಾಳೆ ಬೆಳಗ್ಗೆ ಕೊಡಬೇಕಿತ್ತು.

"ರೀ, ಅತ್ತಿಗೆ ಸುಮ್ಮಸುಮ್ಮನೆ ಹೇಳೋರಲ್ಲ," ಎಂದಳು ಹೆಂಡತಿ, ಚೀಲದಿಂದ ಬಟ್ಟಲುಗಳನ್ನು ತೆಗೆದಿಡುತ್ತಾ. "ಮಕ್ಕಳ ಬಟ್ಟಲು ಎರಡು ದಿನ ತಡ ಮಾಡಿ ಕೊಡೋಣ. ಯಾರನ್ನಾದ್ರೂ ಕೇಳೋಣ."

"ಯಾರನ್ನ ಕೇಳ್ತೀಯ? ಇಷ್ಟು ವರ್ಷ ಪಾಲಿಶ್ ಬಳಿದಿರೋದು ನಾನು."

"ಕುರ್ಚಿಗೆ ಬಳಿದ್ರಿ. ಕುರ್ಚೀನ ಯಾರೂ ತಿನ್ನಲ್ಲ."

ಮಿಂಚಣ್ಣನಿಗೆ ನಗು ಬಂತು. ಆದರೆ ನಕ್ಕರೆ ಸೋತಂತಾಗುತ್ತದೆಂದು ಮೀಸೆಯಡಿಯಲ್ಲೇ ಅದುಮಿಕೊಂಡ. ಊಟಕ್ಕೆ ಕೂತಾಗ ಸಿಡುಕಿದ. "ಇದೇನು, ಸಪ್ಪೆ? ಈಚೆಗೆ ನಿನ್ನ ಕೈ ರುಚಿಯೇ ಹೋಗಿದೆ" ಎಂದು ತಟ್ಟೆಗೆ ಉಪ್ಪು, ಖಾರದಪುಡಿ ಸುರಿದುಕೊಂಡ. ಹೆಂಡತಿ ಉಪ್ಪಿನ ಡಬ್ಬಿಯನ್ನು ಅವನ ಹತ್ತಿರಕ್ಕೇ ಸರಿಸಿದಳು. ಈ ಮಾತು ಅವಳಿಗೆ ಹೊಸದಾಗಿರಲಿಲ್ಲ.

ಅಂದು ಮಧ್ಯಾಹ್ನ ನರ್ಸಮ್ಮ ಬಂದಳು. ಆರೋಗ್ಯ ಕೇಂದ್ರದವಳು, ವಾರಕ್ಕೊಮ್ಮೆ ಶಿಶುವಿಹಾರದ ಮಕ್ಕಳ ತೂಕ ನೋಡಿ ಹೋಗುತ್ತಿದ್ದಳು. ಹೋಟೆಲಿನಲ್ಲಿ ಆ ಗಿರಾಕಿ ನಾಲಿಗೆಯಿಂದ ಪೊರೆ ಎಳೆದಾಗ ಅವಳು ಪಕ್ಕದ ಮೇಜಿನಲ್ಲೇ ಕೂತಿದ್ದಳಂತೆ.

"ಅಣ್ಣಾ, ಜಗಳಕ್ಕೆ ಬಂದಿಲ್ಲ," ಎಂದಳು ಸ್ಟೂಲು ಎಳೆದುಕೊಳ್ಳುತ್ತಾ. "ಆ ಪಾಲಿಶಿನ ಡಬ್ಬ ಒಂದು ಸಲ ತೋರಿಸ್ತೀರಾ?"

ಮಿಂಚಣ್ಣ ಪಾಲಿಶಿನ ಡಬ್ಬ ತಂದು ಮುಂದಿಟ್ಟ. ಅದರ ಮೈತುಂಬ ಪಾಲಿಶ್ ಇಳಿದು ಅಕ್ಷರ ಮುಚ್ಚಿಹೋಗಿತ್ತು. ಹೆಂಡತಿ ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಉಜ್ಜಿದಳು. 'ಪೀಠೋಪಕರಣಕ್ಕೆ ಮಾತ್ರ' ಎಂಬುದು ಮೊದಲು ಕಂಡಿತು. ಕೆಳಗೆ, 'ಗಾಳಿಯಾಡುವ ಕಡೆ ಬಳಸಿ'.

"ನೋಡಿ ನರ್ಸಮ್ಮ," ಎಂದ ಮಿಂಚಣ್ಣ, "ಡಬ್ಬದಲ್ಲಿರೋವಾಗ ವಿಷ ಅಂತ ನನಗೂ ಗೊತ್ತು. ಆದ್ರೆ ಒಣಗಿದ ಮೇಲೆ ಅದು ಗಾಜು. ಗಾಜಿನಿಂದ ಏನು ಬರುತ್ತೆ ಹೇಳಿ?"

ನರ್ಸಮ್ಮ ಯೋಚಿಸಿದಳು. "ಅದು ನನಗೆ ಗೊತ್ತಿಲ್ಲ ಅಣ್ಣಾ. ನಾನು ಕಲಿತಿರೋದು ಮನುಷ್ಯರ ಮೈ ಬಗ್ಗೆ, ಮರದ ಮೈ ಬಗ್ಗೆ ಅಲ್ಲ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳಲ್ಲ. ಡಬ್ಬದ ಮೇಲೆ ಫೋನ್ ನಂಬರ್ ಇದೆಯಲ್ಲ, ಅವರನ್ನೇ ಕೇಳೋಣ."

ಇಂಥ ಉತ್ತರವನ್ನು ಮಿಂಚಣ್ಣ ನಿರೀಕ್ಷಿಸಿರಲಿಲ್ಲ. ಅವಳು ಭಾಷಣ ಬಿಗಿಯುತ್ತಾಳೆ, ತಾನು ಎದ್ದು ಹೋಗಬಹುದು ಎಂದುಕೊಂಡಿದ್ದ. ಈಗ ಕೂತಿರಲೇಬೇಕಾಯಿತು.

ನರ್ಸಮ್ಮ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಆ ಕಡೆಯವರು ಶಾಂತವಾಗಿಯೇ ಹೇಳಿದರು: "ಮೇಡಂ, ಅದು ಮೇಜು ಕುರ್ಚಿಗೆ ಮಾಡಿರೋದು. ಊಟದ ಪಾತ್ರೆಗೆ ಆಗುತ್ತಾ ಅಂತ ನಾವು ಪರೀಕ್ಷೆ ಮಾಡಿಲ್ಲ. ಪರೀಕ್ಷೆ ಮಾಡದೇ ಇರೋದಕ್ಕೆ ಆಗುತ್ತೆ ಅಂತ ಹೇಳೋ ಹಾಗಿಲ್ಲ."

"ಪೂರ್ತಿ ಒಣಗಿದ ಮೇಲೂ?" ಮಿಂಚಣ್ಣ ಮುಂದೆ ಬಗ್ಗಿ ಕೇಳಿದ.

"ಕೈಗೆ ಅಂಟದ ಹಾಗೆ ಒಣಗೋದು ಬೇರೆ ಸಾರ್, ಒಳಗಿನ ತನಕ ಗಟ್ಟಿಯಾಗೋದು ಬೇರೆ. ಒಂದರ ಮೇಲೊಂದು ಬಳಿದ್ರೆ ಥಿನ್ನರ್ ಒಳಗೇ ಸಿಕ್ಕಿಕೊಳ್ಳುತ್ತೆ. ಅದು ಪೂರ್ತಿ ಹಾರಿಹೋಗೋಕೆ ವಾರಗಟ್ಟಲೆ ಬೇಕು. ಹುಳಿ, ಬಿಸಿ, ತೊಳೆಯೋದು, ಉಜ್ಜೋದು... ಇದನ್ನೆಲ್ಲ ತಡೆಯೋಕೆ ಅಂತ ಮಾಡಿದ್ದಲ್ಲ ಅದು."

ಫೋನಿಟ್ಟ ಮೇಲೂ ಮಿಂಚಣ್ಣ ಜಗ್ಗಲಿಲ್ಲ. "ಹಾಗಂತ ಹೇಳದೇ ಇನ್ನೇನು ಹೇಳ್ತಾರೆ? ತಮ್ಮ ಮೈಮೇಲೆ ಬರಬಾರದಲ್ಲ. ವಾಸನೆಯೇ ಇಲ್ಲ ಅಂದ್ಮೇಲೆ ಥಿನ್ನರ್ ಎಲ್ಲಿಂದ ಇರುತ್ತೆ?"

"ಹಾಗಾದ್ರೆ ಒಂದು ಕೆಲಸ ಮಾಡೋಣ," ಎಂದಳು ಹೆಂಡತಿ. ಒಳಗೆ ಹೋಗಿ ಬಿಸಿನೀರು ತಂದಳು. ಮಕ್ಕಳಿಗೆಂದು ಮಾಡಿದ ಬಟ್ಟಲೊಂದಕ್ಕೆ ಸುರಿದು ಮೇಲೆ ತಟ್ಟೆ ಮುಚ್ಚಿದಳು. ಸ್ವಲ್ಪ ಹೊತ್ತು ಕಾದು ತಟ್ಟೆ ಸರಿಸಿದಳು. ಅವಳೇ ಮೊದಲು ಮೂಸಿ ಮುಖ ಪಕ್ಕಕ್ಕೆ ತಿರುಗಿಸಿದಳು. ನರ್ಸಮ್ಮ ಮೂಸಿ ಕೆಮ್ಮಿದಳು. ಬಟ್ಟಲು ಮಿಂಚಣ್ಣನ ಕೈಗೆ ಬಂತು. ಆವಿ ತಾಗಿ ಅವನ ಮೀಸೆ ಒದ್ದೆಯಾಯಿತು. ಅವನು ಉಸಿರೆಳೆದ.

"ಬಿಸಿನೀರು," ಎಂದ. "ಬರೀ ಬಿಸಿನೀರು. ನೀವಿಬ್ಬರೂ ಮಾತಾಡಿಕೊಂಡು ನಾಟಕ ಆಡ್ತಿದ್ದೀರಾ?"

ನರ್ಸಮ್ಮ ಅವನ ಮುಖವನ್ನೇ ನೋಡಿದಳು. ಬೆಳಗ್ಗೆ ಅಕ್ಕ ನೋಡಿದ ಹಾಗೆಯೇ.

"ಅಣ್ಣಾ, ಒಂದು ನಿಮಿಷ ಕಣ್ಣು ಮುಚ್ಚಿ. ನಾನು ಏನೋ ಹಿಡೀತೀನಿ. ಏನು ಅಂತ ಹೇಳಿ."

ಅವನು ಮುಚ್ಚಿದ. ಅಡುಗೆಮನೆಯಲ್ಲಿ ಕುಟ್ಟಿದ ಸದ್ದು ಕೇಳಿತು. ಹೆಂಡತಿಯ ಹೆಜ್ಜೆ ಹತ್ತಿರ ಬಂತು.

"ಹಿಡಿದಿದ್ದೀನಿ. ಏನಿದು?" ಎಂದಳು ನರ್ಸಮ್ಮ.

"ಏನೂ ಹಿಡಿದಿಲ್ಲ ನೀವು," ಎಂದ ಮಿಂಚಣ್ಣ. "ನನ್ನ ಹತ್ರ ಈ ಆಟ ನಡೆಯಲ್ಲ."

ಅವನು ಕಣ್ಣು ತೆರೆದ. ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ ನರ್ಸಮ್ಮನ ಅಂಗೈ ಇತ್ತು. ಅದರಲ್ಲಿ ಜಜ್ಜಿದ ಹಸಿ ಬೆಳ್ಳುಳ್ಳಿ. ಅದರ ಘಾಟಿಗೆ ಹೆಂಡತಿಯ ಕಣ್ಣಲ್ಲಿ ನೀರು ಬಂದಿತ್ತು. ಅಥವಾ ಬೆಳ್ಳುಳ್ಳಿಯಿಂದಲೇ ಅಲ್ಲವೇನೋ.

"ನೆಗಡಿ ಇದೆ," ಎಂದ ಅವನು.

"ಇಲ್ಲ ರೀ," ಎಂದಳು ಹೆಂಡತಿ ಮೆಲ್ಲಗೆ. "ಮೊನ್ನೆ ಹಾಲು ಹೊತ್ತಿ ಮನೆಯೆಲ್ಲ ಹೊಗೆಯಾದಾಗ ನೀವು ಪಕ್ಕದಲ್ಲೇ ಕೂತಿದ್ರಿ. ಕೆಲಸದಲ್ಲಿ ಮುಳುಗಿದ್ದೀರಿ ಅಂದುಕೊಂಡೆ."

ಮಿಂಚಣ್ಣ ಎದ್ದು ಕೊಟ್ಟಿಗೆಗೆ ಹೋದ. ಬಾಗಿಲು ಮುಂದಕ್ಕೆಳೆದುಕೊಂಡ. ಲೇತಿನ ಕೆಳಗೆ ಆಗಷ್ಟೇ ಕಡೆದ ಹಸಿ ಮರದ ಸುರುಳಿಗಳು ಬಿದ್ದಿದ್ದವು. ಒಂದು ಮುಷ್ಟಿ ಬಾಚಿ ಮುಖಕ್ಕೆ ಒತ್ತಿಕೊಂಡ. ಕಸುಬು ಕಲಿಯುವ ಕಾಲದಲ್ಲಿ ಮೂಸಿ ನೋಡಿಯೇ ಇದು ಯಾವ ಮರ ಎಂದು ಹೇಳಿಬಿಡುತ್ತಿದ್ದವನು ಅವನು. ಹಲಸಿಗೆ ಒಂದು ವಾಸನೆ, ತೇಗಕ್ಕೆ ಇನ್ನೊಂದು, ಮಾವಿಗೆ ಮತ್ತೊಂದು. ಸುರುಳಿ ಕೆನ್ನೆಗೆ ತಣ್ಣಗೆ ತಾಗಿತು. ಅಷ್ಟೇ. ಯಾವಾಗಿನಿಂದ ಹೀಗೆ ಎಂದು ನೆನಪಿಸಿಕೊಳ್ಳಲು ನೋಡಿದ. ತಿಳಿಯಲಿಲ್ಲ. ಅದು ಒಂದೇ ದಿನ ಹೋಗಿದ್ದರೆ ಗೊತ್ತಾಗುತ್ತಿತ್ತು. ಸ್ವಲ್ಪ ಸ್ವಲ್ಪವೇ ಹೋಗಿತ್ತು. ಹೋದದ್ದನ್ನು ಅವನು ಹೆಂಡತಿಯ ಅಡುಗೆಯ ಮೇಲೆ ಹಾಕುತ್ತಾ ಬಂದಿದ್ದ.

ಹೊರಗೆ ಬಂದಾಗ ಅವನ ದನಿ ತಗ್ಗಿತ್ತು. "ಊಟ ಸಪ್ಪೆ ಇರಲಿಲ್ಲ, ಅಲ್ವಾ?" ಎಂದ.

"ಇರಲಿಲ್ಲ," ಎಂದಳು ಹೆಂಡತಿ.

"ನೀನು ಹೇಳಬಾರದಿತ್ತೇನೇ?"

"ಹೇಳಿದ್ರೆ ಕೇಳ್ತಿದ್ರಾ?"

ಅವನು ಪಾಲಿಶಿನ ಡಬ್ಬದ ಮುಚ್ಚಳ ಬಿಗಿದು ಮೂಲೆಗೆ ಸರಿಸಿದ.

ಮರುದಿನ ಬೆಳಗ್ಗೆ ಮಿಂಚಣ್ಣ ಮೊದಲು ಹೋದದ್ದು ಶಿಶುವಿಹಾರಕ್ಕೆ. ಬಟ್ಟಲು ಆಗಿಲ್ಲ ಎಂದು ಸುಳ್ಳು ಹೇಳುವುದು ಸುಲಭವಿತ್ತು. ದಾರಿಯುದ್ದಕ್ಕೂ ಆ ಮಾತನ್ನೇ ಹೊಂದಿಸಿಕೊಳ್ಳುತ್ತಾ ನಡೆದ. ಆದರೆ ಒಳಗೆ ಕಾಲಿಟ್ಟು, ಚಾಪೆಯ ಮೇಲೆ ಸಾಲಾಗಿ ಕೂತ ಪುಟಾಣಿಗಳನ್ನು ನೋಡಿದ ಮೇಲೆ ಬಾಯಿಂದ ಬೇರೆಯದೇ ಬಂತು.

"ಟೀಚರ್, ಬಟ್ಟಲು ಆಗಿವೆ. ಆದ್ರೆ ಕೊಡಲ್ಲ. ಒಳಗೆ ಬಳಿದಿರೋದು ಮಕ್ಕಳ ಬಾಯಿಗೆ ಹೋಗಬಾರದ್ದು. ಬೇರೆ ಮಾಡಿಕೊಡ್ತೀನಿ, ತಡ ಆಗುತ್ತೆ."

"ಅಷ್ಟೇ ತಾನೇ? ಸ್ಟೀಲ್ ಬಟ್ಟಲು ಇವೆ, ನಿಧಾನಕ್ಕೆ ಮಾಡಿ," ಎಂದರು ಟೀಚರ್. ಅವನ ಎದೆಯ ಮೇಲಿನ ಕಲ್ಲು ಇಳಿಯಿತು.

ಅಲ್ಲಿಂದ ನರ್ಸಮ್ಮನ ಜೊತೆ ಆಸ್ಪತ್ರೆ. ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು, ಏನೇನು ಕೆಲಸ ಮಾಡುತ್ತೀರಿ ಎಂದು ಕೇಳಿದರು. "ಮುಚ್ಚಿದ ಕೋಣೆಯಲ್ಲಿ ಥಿನ್ನರ್ ಆವಿ ಕುಡಿದು ಕುಡಿದು ಹೀಗಾಗಿರಬಹುದು," ಎಂದರು. "ಬೇರೆ ಕಾರಣ ಇಲ್ಲ ಅಂತ ನೋಡಿಕೊಳ್ಳೋಣ. ಪೂರ್ತಿ ವಾಪಸು ಬರುತ್ತೆ ಅಂತ ಮಾತು ಕೊಡೋಕೆ ಆಗಲ್ಲ. ಆದ್ರೆ ಆ ಆವಿ ನಿಲ್ಲಿಸದೆ ಯಾವ ಔಷಧಿಯೂ ಕೆಲಸ ಮಾಡಲ್ಲ. ಕಿಟಕಿ ತೆಗೀರಿ. ಪಾಲಿಶ್ ಮಾಡಲೇಬೇಕಾದಾಗ ಆವಿ ತಡೆಯೋ ಮಾಸ್ಕ್ ಹಾಕಿ. ಮೂಗಿಗೆ ಬಟ್ಟೆ ಕಟ್ಟಿಕೊಂಡ್ರೆ ದೂಳು ನಿಲ್ಲಬಹುದು, ಆವಿ ನಿಲ್ಲಲ್ಲ."

ಅಂದೇ ಕೊಟ್ಟಿಗೆಯ ಕಿಟಕಿ ತೆರೆಯಿತು. ತುಕ್ಕು ಹಿಡಿದ ಚಿಲಕವನ್ನು ಸುತ್ತಿಗೆಯಿಂದ ಬಡಿದು ತೆಗೆಯಬೇಕಾಯಿತು.

ಹಾಗಾದರೆ ಬಟ್ಟಲಿಗೆ ಬಳಿಯುವುದೇನು? ಏನೂ ಬಳಿಯದಿದ್ದರೆ ಮರ ನೀರು ಕುಡಿದು ಉಬ್ಬುತ್ತದೆ, ಕಲೆ ಹಿಡಿಯುತ್ತದೆ. ಮಿಂಚಣ್ಣ ತಾನೇ ಒಂದು ದಾರಿ ಹುಡುಕಿದ. ಅಡುಗೆಮನೆಯ ಕಡಲೆಕಾಯಿ ಎಣ್ಣೆ ತಂದು, ಇನ್ನೂ ಏನೂ ಬಳಿಯದ ಕೆಲವು ಬಟ್ಟಲುಗಳಿಗೆ ಸವರಿದ. "ತಿನ್ನೋ ಎಣ್ಣೆ. ಇದಕ್ಕಿಂತ ಇನ್ನೇನು ಬೇಕು?" ಎಂದು ಒಂದು ಬಟ್ಟಲು ಹಿಡಿದು ಟೀಚರಿಗೆ ತೋರಿಸಲು ಹೋದ.

ಟೀಚರ್ ಚಾಚಿದ ಕೈ ಹಿಂದೆಗೆದುಕೊಂಡರು. "ಕಡಲೆಕಾಯಿ ಎಣ್ಣೆಯಾ? ಬೇಡಪ್ಪಾ ಬೇಡ! ನಮ್ಮಲ್ಲಿ ಒಂದು ಮಗುವಿಗೆ ಕಡಲೆಕಾಯಿ ಆಗೋದೇ ಇಲ್ಲ. ಒಂಚೂರು ಬಾಯಿಗೆ ಹೋದ್ರೂ ಮುಖ ಊದಿ ಉಸಿರು ಕಟ್ಟುತ್ತೆ. ಹೋದ ವರ್ಷ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದೀವಿ."

ಅವನು ತೆಪ್ಪಗೆ ವಾಪಸು ಬಂದ. ಆ ತೊಂದರೆ ಇಲ್ಲದಿದ್ದರೂ ಆ ಬಟ್ಟಲುಗಳು ಉಳಿಯುತ್ತಿರಲಿಲ್ಲ. ಕೆಲವು ದಿನಗಳಲ್ಲೇ ಎಣ್ಣೆ ಒಣಗದೆ ಅಂಟಂಟಾಯಿತು, ದೂಳು ಮೆತ್ತಿಕೊಂಡಿತು. "ಹಳೇ ಎಣ್ಣೆ ಮುಗ್ಗಿದ ವಾಸನೆ," ಎಂದಳು ಹೆಂಡತಿ. ಈಗ ಅವನು ವಾದ ಮಾಡಲಿಲ್ಲ. ಅವಳ ಮೂಗನ್ನೇ ನಂಬಬೇಕಿತ್ತು.

ನರ್ಸಮ್ಮ ಅಲ್ಲಿ ಇಲ್ಲಿ ವಿಚಾರಿಸಿಕೊಂಡು ಬಂದಳು. "ಎಣ್ಣೆಯಲ್ಲಿ ಎರಡು ಥರ ಅಂತೆ ಅಣ್ಣಾ. ಕೆಲವು ಎಂದಿಗೂ ಒಣಗಲ್ಲ, ನಿಮ್ಮ ಕಡಲೆಕಾಯಿ ಎಣ್ಣೆ ಹಾಗೆ. ಕೆಲವು ಗಾಳಿ ತಾಗಿ ತಾಗಿ ಮರದೊಳಗೇ ಗಟ್ಟಿಯಾಗ್ತವೆ. ಅಗಸೆ ಎಣ್ಣೆ ಅಂಥದ್ದು."

ಮಿಂಚಣ್ಣನ ಮುಖ ಅರಳಿತು. "ಅಗಸೆ ಎಣ್ಣೆ ನನ್ನ ಹತ್ರಾನೇ ಇದೆಯಲ್ಲ!" ಹಾರ್ಡ್‌ವೇರ್ ಅಂಗಡಿಯಿಂದ ಹಿಂದೆ ತಂದಿದ್ದ ಡಬ್ಬ ಎಳೆದ. ಮೇಲೆ 'ಕುದಿಸಿದ ಅಗಸೆ ಎಣ್ಣೆ' ಎಂದಿತ್ತು. ಮುಚ್ಚಳಕ್ಕೆ ಕೈಹಾಕಿದವನು ಅಲ್ಲೇ ನಿಂತ. ಡಬ್ಬ ತಿರುಗಿಸಿ, ಹಿಂದಿನ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ಓದಿದ. 'ಬೇಗ ಒಣಗಲು ಲೋಹದ ಲವಣ ಸೇರಿಸಿದೆ. ಸೇವಿಸಬಾರದು.'

"ಹೆಸರು ಅಗಸೆ, ಒಳಗೆ ಬೇರೆ," ಎಂದ.

"ಓದಿದ್ರಲ್ಲ, ಅದೇ ದೊಡ್ಡದು," ಎಂದಳು ನರ್ಸಮ್ಮ.

ಕೊನೆಗೆ ತಂದದ್ದು ದಿನಸಿ ಅಂಗಡಿಯ ಎಣ್ಣೆ. ತಿನ್ನಲೆಂದೇ ಮಾರುವ, ಬೇರೇನೂ ಸೇರಿಸದ ಅಪ್ಪಟ ಅಗಸೆ ಎಣ್ಣೆ. ಜೊತೆಗೆ ಒಂದು ಗಟ್ಟಿ ಜೇನುಮೇಣ. ಅದಕ್ಕೂ ಮೊದಲು ಮಿಂಚಣ್ಣ ಮತ್ತು ನರ್ಸಮ್ಮ ಟೀಚರನ್ನು ಕೇಳಿದರು: ಅಗಸೆಯಾಗಲೀ ಜೇನುಮೇಣವಾಗಲೀ ಆಗದ ಮಗು ಯಾವುದಾದರೂ ಇದೆಯೇ? ಟೀಚರ್ ಪ್ರತಿ ತಾಯಿಯನ್ನೂ ವಿಚಾರಿಸಿ, ಇಲ್ಲ ಎಂದರು.

ಮಿಂಚಣ್ಣ ಹೊಸದಾಗಿ ಬಟ್ಟಲು ಕಡೆದ. ಹಳೆಯ ಕಿಟಕಿಯ ಮರ, ಬಣ್ಣ ಬಳಿದಿದ್ದ ಮರ, ಹುಳುವಿಗೆ ಔಷಧಿ ಹೊಡೆದಿದ್ದ ಮರ ಎಲ್ಲವನ್ನೂ ಪಕ್ಕಕ್ಕಿಟ್ಟ. ಯಾವ ಮರವೆಂದು ತನಗೆ ಖಚಿತವಿದ್ದ ತುಂಡುಗಳನ್ನು ಮಾತ್ರ ಆರಿಸಿಕೊಂಡ. ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ. ಎಣ್ಣೆಯನ್ನು ತೆಳ್ಳಗೆ ಸವರಿ, ಮರ ಕುಡಿದಷ್ಟು ಕುಡಿಯಲು ಬಿಟ್ಟು, ಮಿಕ್ಕಿದ್ದನ್ನು ಒರೆಸಿ ತೆಗೆದ. ಒಣಗಿದ ಮೇಲೆ ಇನ್ನೊಂದು ತೆಳು ಕೈ. ಕಿಟಕಿಯ ಗಾಳಿಗೆ, ಬೆಳಕಿಗೆ ಇಟ್ಟು ವಾರಗಟ್ಟಲೆ ಕಾದ. ಒಂದೇ ದಿನದಲ್ಲಿ ಮುಗಿಸಿ ರೂಢಿಯಾದವನಿಗೆ ಆ ಕಾಯುವುದು ಕೈಕಟ್ಟಿ ಕೂರಿಸಿದಂತಿತ್ತು. ದಿನಕ್ಕೆ ಹತ್ತು ಸಲ ಹೋಗಿ ಮುಟ್ಟಿ ಬರುತ್ತಿದ್ದ. "ಮುಟ್ಟಿದ್ರೆ ಬೇಗ ಒಣಗುತ್ತಾ?" ಎಂದು ಹೆಂಡತಿ ಛೇಡಿಸುತ್ತಿದ್ದಳು.

ನಡುವೆ ಒಂದು ದಿನ ಅವಳು ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದುರಿ ಮೂಲೆಯ ಬಕೆಟ್ಟಿಗೆ ಎಸೆದಿದ್ದಳು. ಸಂಜೆ ಗುಡಿಸಲು ಹೋಗಿ ಬಕೆಟ್ಟಿಗೆ ಕೈಯಿಟ್ಟವಳು ಚಕ್ಕನೆ ಹಿಂದೆಗೆದಳು. "ರೀ, ಬಟ್ಟೆ ಕಾದಿದೆ! ಬೆಂಕಿ ಎಲ್ಲೂ ಇಲ್ಲ, ಆದ್ರೂ ಕಾದಿದೆ!"

ಮಿಂಚಣ್ಣ ಓಡಿ ಬಂದು ಬಕೆಟ್ಟನ್ನು ಅಂಗಳಕ್ಕೆ ಒಯ್ದು ನೀರು ಸುರಿದ. "ನನಗೆ ಕಸುಬು ಕಲಿಸಿದವರು ಹೇಳ್ತಿದ್ರು, ನಾನೇ ನಿನಗೆ ಹೇಳಬೇಕಿತ್ತು. ಈ ಎಣ್ಣೆ ಒಣಗ್ತಾ ಕಾವು ಹುಟ್ಟಿಸುತ್ತೆ. ಬಟ್ಟೆ ಮುದ್ದೆ ಮಾಡಿಟ್ರೆ ಆ ಕಾವು ಹೊರಗೆ ಹೋಗೋಕೆ ದಾರಿ ಇಲ್ಲದೆ ತಾನೇ ಹೊತ್ತಿಕೊಳ್ಳುತ್ತೆ. ಇನ್ಮೇಲೆ ಒಂದೊಂದನ್ನೂ ಹೊರಗೆ ಬಿಡಿಸಿ ಹರವಬೇಕು, ಇಲ್ಲ ನೀರಲ್ಲಿ ಮುಳುಗಿಸಿಡಬೇಕು."

ಎಣ್ಣೆ ಒಣಗಿತು. ಮೇಲೆ ಜೇನುಮೇಣ ಉಜ್ಜಿ ಬಟ್ಟೆಯಿಂದ ತಿಕ್ಕಿದ. ಬಟ್ಟಲು ಸಿದ್ಧವಾಯಿತು. ಆದರೆ ಅವು ಮಿಂಚಲಿಲ್ಲ. ಸಾಲಾಗಿ ಇಟ್ಟು ದೂರ ನಿಂತು ನೋಡಿದ ಮಿಂಚಣ್ಣನಿಗೆ ಒಳಗೊಳಗೇ ಸಂಕಟವಾಯಿತು. ಕೈಗೆ ಹಿತವಾಗಿದ್ದವು, ಮರದ ಗೆರೆ ಒಂದೊಂದೂ ಕಾಣುತ್ತಿತ್ತು. ಆದರೂ ಅವುಗಳಲ್ಲಿ ತನ್ನ ಮುಖ ಕಾಣುತ್ತಿರಲಿಲ್ಲ.

"ಮಂಕಾಗಿವೆ," ಎಂದ.

"ತೊಳೆದ ಮುಖದ ಹಾಗಿವೆ," ಎಂದಳು ಹೆಂಡತಿ.

ಮೊದಲ ಪರೀಕ್ಷೆ ಅಕ್ಕನದು. ಮಿಂಚಣ್ಣ ಹೊಸ ಬಟ್ಟಲು ಹಿಡಿದುಕೊಂಡು ಹೋಟೆಲಿನ ಹಿಂಬಾಗಿಲಲ್ಲಿ ನಿಂತ. "ಅಕ್ಕಾ, ನೀನು ಹೇಳಿದ್ದು ನಿಜ. ನನಗೆ ವಾಸನೆ ತಿಳಿಯಲ್ಲ. ಮೂಗು ಹೋಗಿದೆ," ಎಂದ.

ಅಕ್ಕ ಸೌಟು ಕೆಳಗಿಟ್ಟಳು. ಅವನನ್ನು ಒಳಗೆ ಎಳೆದು ಕೂರಿಸಿ, ಎಲ್ಲವನ್ನೂ ಕೇಳಿಸಿಕೊಂಡಳು. ತಲೆ ಸವರಿದಳು. ಆಮೇಲೆ ಬಟ್ಟಲಿಗೆ ಬೆಚ್ಚಗಿನ ಗಂಜಿ ಸುರಿದು ಮುಚ್ಚಿಟ್ಟಳು, ತೆಗೆದು ಮೂಸಿದಳು, ಉಂಡಳು. ಇನ್ನೊಂದು ಬಟ್ಟಲಲ್ಲಿ ನಿಂಬೆ ಹಿಂಡಿದ ಹಣ್ಣಿನ ಹೋಳು ಇಟ್ಟು ಮರುದಿನದವರೆಗೂ ನೋಡಿದಳು. ಒಂದು ವಾರ ತೊಳೆದಳು, ಒರೆಸಿದಳು, ಬಳಸಿದಳು.

"ಗಂಜಿಗೆ ಗಂಜಿ ವಾಸನೆ, ಹಣ್ಣಿಗೆ ಹಣ್ಣಿನ ವಾಸನೆ," ಎಂದು ಹೇಳಿ ಕಳಿಸಿದಳು. "ಆದ್ರೆ ನೀರಲ್ಲಿ ನೆನೆಹಾಕಿದ್ದೊಂದು ಸ್ವಲ್ಪ ಬಿಳಿಚಿಕೊಂಡಿದೆ."

"ನೆನೆಹಾಕಬಾರದು ಅಕ್ಕಾ," ಎಂದು ಅವನು ಫೋನಿನಲ್ಲಿ ಹೇಳಿದ. "ಬೇಗ ತೊಳೆದು, ಒರೆಸಿ, ಗಾಳಿಗೆ ಓರೆಯಾಗಿ ನಿಲ್ಲಿಸು. ಕುದಿಯೋದನ್ನ ನೇರ ಸುರೀಬೇಡ. ಬಿಳಿಚಿಕೊಂಡ್ರೆ ಒಣಗಿಸಿ ಕಳಿಸು, ಮತ್ತೆ ಎಣ್ಣೆ ಕೊಟ್ಟು ಕೊಡ್ತೀನಿ. ಇದಕ್ಕೆ ವರ್ಷಕ್ಕೆ ಒಂದೆರಡು ಸಲ ಆರೈಕೆ ಬೇಕು."

ಹಳೆಯ ಹೊಳೆಯುವ ಬಟ್ಟಲುಗಳನ್ನು ಅವನು ಎಸೆಯಲಿಲ್ಲ. ಬೀಗದಕೈ, ಗುಂಡಿ, ದಾರದುಂಡೆ ಹಾಕಿಡಲು ಮಾರಿದ. ಪ್ರತಿಯೊಂದರ ತಳಕ್ಕೂ 'ಊಟ ತಿಂಡಿಗೆ ಅಲ್ಲ' ಎಂದು ಕೆತ್ತಿದ. ಹಿಂದೆ ಕೊಂಡುಹೋದವರ ಮನೆಗಳಿಗೂ ಹೋಗಿ ಹೇಳಿ ಬಂದ. ಕೆಲವರು ಗೊಣಗಿದರು. ಒಬ್ಬರು ಮಾತ್ರ, "ಮಾರಿದ ಮೇಲೆ ಬಂದು ಹೀಗೆ ಹೇಳಿದೋನು ನೀನೊಬ್ಬನೇ ಕಣಯ್ಯಾ" ಎಂದು ಟೀ ಕೊಟ್ಟು ಕಳಿಸಿದರು.

ಮೂಗು ಪೂರ್ತಿ ಮರಳಲಿಲ್ಲ. ಕೆಲವು ದಿನ ಏನೋ ಸುಳಿದಂತಾಗುತ್ತದೆ, ಕೆಲವು ದಿನ ಏನೂ ಇಲ್ಲ. ಡಾಕ್ಟರು ಕಾಯಿರಿ ಎಂದಿದ್ದಾರೆ. ಅಲ್ಲಿಯವರೆಗೆ ಹೆಂಡತಿ ಬಿಸಿನೀರು ಸುರಿದು, ಮೂಸಿ, ತಲೆಯಾಡಿಸದೆ ಒಂದು ಬಟ್ಟಲೂ ಬಾಗಿಲು ದಾಟುವುದಿಲ್ಲ.

ಶಿಶುವಿಹಾರಕ್ಕೆ ಬಟ್ಟಲು ಕೊಟ್ಟ ದಿನ ಟೀಚರ್ ಅವನನ್ನು ಬಲವಂತವಾಗಿ ಕೂರಿಸಿಕೊಂಡರು. ಮಕ್ಕಳಿಗೆ ಹಿಸುಕಿದ ಹಣ್ಣು ಬಡಿಸಿದರು. ಸ್ವಲ್ಪ ಹೊತ್ತಿಗೆ ಬಟ್ಟಲುಗಳು ಖಾಲಿಯಾದವು. ಆಗ ಹಲ್ಲು ಮೂಡುತ್ತಿದ್ದ ಪುಟ್ಟಿಯೊಬ್ಬಳು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಅಂಚನ್ನು ಬಾಯಿಗೆ ತುರುಕಿ, ಜೊಲ್ಲು ಸುರಿಸುತ್ತಾ ಕರಕರ ಕಡಿಯತೊಡಗಿದಳು.

"ಅಯ್ಯೋ, ಕಚ್ಚಬೇಡ ಪುಟ್ಟಾ!" ಎಂದು ಟೀಚರ್ ಓಡಿದರು.

ಮಿಂಚಣ್ಣ ಕೈ ಅಡ್ಡ ಹಿಡಿದ.

"ಬಿಡಿ ಟೀಚರ್," ಎಂದ. "ಕಚ್ಚಲಿ."

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಒಂದು ಮರದ ಬಟ್ಟಲೋ ತಟ್ಟೆಯೋ ಸೌಟೋ ಇರಬಹುದು. ಇವತ್ತೇ ಅದನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಪೊರೆ ಏಳುತ್ತಿದ್ದರೆ ಅದರಲ್ಲಿ ಊಟ ಬೇಡ. ಬಿಸಿನೀರು ಹಾಕಿ ಮುಚ್ಚಿಟ್ಟು ತೆಗೆದಾಗ ಪೇಂಟಿನ ವಾಸನೆ ಬಂದರೂ ಬೇಡ. ವಾಸನೆ ಬರದ ಮಾತ್ರಕ್ಕೆ ಎಲ್ಲ ಸರಿ ಎಂದೂ ತಿಳಿಯಬೇಡಿ. ಹೊಸದು ಕೊಳ್ಳುವಾಗ ಹೊಳಪಿಗೆ ಮರುಳಾಗದೆ ಮಾರುವವರನ್ನು ಕೇಳಿ: ಯಾವ ಮರ, ಒಳಗೆ ಏನು ಬಳಿದಿದ್ದೀರಿ, ಅದು ಆಹಾರ ತಗಲುವ ಪಾತ್ರೆಗೆ ಆಗುತ್ತದೆ ಎಂದು ಡಬ್ಬದ ಮೇಲೆ ಬರೆದಿದೆಯೇ, ಬಳಿದು ಎಷ್ಟು ದಿನ ಒಣಗಿಸಿದ್ದೀರಿ? ನಿಮ್ಮ ಮನೆಯ ಯಾರಿಗಾದರೂ ಯಾವುದಾದರೂ ಬೀಜ, ಕಾಯಿ ಆಗದಿದ್ದರೆ ಅದನ್ನೂ ಹೇಳಿ ಕೇಳಿ. ಉತ್ತರ ಸಿಗದಿದ್ದರೆ ಆ ಬಟ್ಟಲಲ್ಲಿ ಬೀಗದಕೈ ಇಡಿ.

ಮರ ಕಡೆಯುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಒಂದು ಮಾತು. ಡಬ್ಬದ ಹಿಂದಿನ ಸಣ್ಣ ಅಕ್ಷರ ಓದಿ. ಗೊತ್ತಾಗದಿದ್ದರೆ ಅದರ ಮೇಲಿನ ನಂಬರಿಗೆ ಫೋನ್ ಮಾಡಿ. ಪೂರ್ತಿ ಒಣಗುವವರೆಗೆ ತಾಳ್ಮೆಯಿಂದ ಕಾಯಿರಿ, ಎಣ್ಣೆ ಬಟ್ಟೆ ಮುದುರಿ ಎಸೆಯಬೇಡಿ. ನಿಮ್ಮ ಕೊಟ್ಟಿಗೆಯ ಕಿಟಕಿ ಈಗ ಮುಚ್ಚಿದೆಯೇ? ಎದ್ದು ಹೋಗಿ ತೆರೆಯಿರಿ.